ಒಂದು ಗೇಣು ಎಡಕ್ಕೆ ಕೂತ ಹ್ಯಾಂಡ್ ಬ್ರೇಕು

ಹ್ಯಾಂಡ್ ಬ್ರೇಕಿನ ಮೇಲೆ ನಮ್ಮ ಕಡೆಯವರಿಗೆ ಗೌರವ ಬಹಳ ಕಡಿಮೆ. ಹಾರನ್ನು ಕೆಟ್ಟರೆ ಗ್ಯಾರೇಜಿಗೆ ಓಡಿ ಬರುತ್ತಾರೆ. ಹಾಡು ಹೇಳುವ ಪೆಟ್ಟಿಗೆ ಕೆಟ್ಟರಂತೂ ಊಟ ಬಿಟ್ಟು ಬರುತ್ತಾರೆ. ಹ್ಯಾಂಡ್ ಬ್ರೇಕು ಕೆಟ್ಟಾಗ ಮಾತ್ರ ಗಾಡಿ ನಿಲ್ಲಿಸಿ, ಕೆಳಗಿಳಿದು, ಆಚೀಚೆ ನೋಡಿ ಒಂದು ಕಲ್ಲು ಹುಡುಕುತ್ತಾರೆ. ಕಲ್ಲು ಸಿಕ್ಕಿ ಚಕ್ರದ ಕೆಳಗೆ ಕೂತರೆ ರಿಪೇರಿ ಮುಗಿದಂತೆ.

ಮಂಡ್ಯದಲ್ಲಿ ಗ್ಯಾರೇಜು ನಡೆಸಿ, ಮಂಡಿಚಿಪ್ಪು ಸವೆದ ಮೇಲೆ ಬೀಗ ಹಾಕಿ ಮನೆಯಲ್ಲಿ ಕೂತಿದ್ದೇನೆ. ಹೊಸದಾಗಿ ಈ ಕಸುಬಿಗೆ ಇಳಿದವರು ಆಗಾಗ ಬಂದು, ‘ಅಂಕಲ್, ನಿಮ್ಮ ಅನುಭವ ಹೇಳಿ’ ಅನ್ನುತ್ತಾರೆ. ಹೇಳಲು ಶುರು ಮಾಡಿದರೆ ಅರ್ಧಕ್ಕೇ ಅವರ ಫೋನು ಬಡಿದುಕೊಳ್ಳುತ್ತದೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ಕಾಗದದ ಮೇಲೆ ಇದ್ದರೆ ಫೋನು ಮುಗಿಸಿ ಬಂದಾದರೂ ಓದಬಹುದು.

ನಾನು ಕೆಲಸ ಕಲಿತದ್ದು ಮದ್ದೂರಿನಲ್ಲಿ. ನಮ್ಮ ಉಸ್ತಾದರಿಗೆ ಕೋಪ ಬಂದರೆ ಕೈಯಲ್ಲಿದ್ದ ಸ್ಪ್ಯಾನರು ಹಾರುತ್ತಿತ್ತು. ಆದರೆ ಅದು ಯಾರಿಗೂ ತಾಗಿದ್ದನ್ನು ನಾನು ಕಾಣೆ. ತಲೆಯ ಪಕ್ಕದಲ್ಲೇ ಹೋಗಿ ಹಿಂದಿನ ಡ್ರಮ್ಮಿಗೆ ಬಡಿದು ‘ಠಣ್’ ಅನ್ನುತ್ತಿತ್ತು. ಆ ಸದ್ದಿಗೇ ನಮಗೆ ಅರ್ಧ ಕೆಲಸ ಬಂತು. ಅವರು ದಿನಾ ಹೇಳುತ್ತಿದ್ದ ಮಾತು ಒಂದೇ: ‘ಗಾಡಿ ಬಾಯ್ ಬುಡಕ್ಕಿಲ್ಲ ಕಣ್ಲಾ. ಗಾಡೀಲಿ ಕೂತೋರ್ನ ಕೇಳು. ಡ್ರೈವರ್ನ ಒಬ್ಬನ್ನೇ ಅಲ್ಲ, ಕೂತೋರ್ನೆಲ್ಲ ಕೇಳು.’ ನಾನು ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದೆ. ಡ್ರೈವರ್ ಪಕ್ಕದಲ್ಲಿ ಕೂತವರನ್ನು ಏನು ಕೇಳುವುದು, ಅವರೇನು ಕ್ಲಚ್ಚು ಒತ್ತುತ್ತಾರೆಯೇ ಎಂದು ಒಳಗೊಳಗೇ ನಕ್ಕಿದ್ದೂ ಉಂಟು. ಆ ನಗುವಿಗೆ ಮುಂದೆ ತಕ್ಕ ಶಾಸ್ತಿಯಾಯಿತು.

ಕಲ್ಲಿನ ಮಹಿಮೆ ನಾನು ಮೊದಲು ಕಂಡದ್ದು ಭಾರತೀನಗರದಲ್ಲಿ. ಕಬ್ಬಿನ ಕಾಲ. ಕಾರ್ಖಾನೆಯ ಮುಂದೆ ಗಾಡಿಗಳ ಸಾಲು. ಒಬ್ಬ ಡ್ರೈವರು ಲಾರಿಗೆ ಕಲ್ಲು ಕೊಟ್ಟು ಟೀ ಕುಡಿಯಲು ಹೋಗಿದ್ದ. ಅವನ ಹಿಂದೆ ನಿಂತಿದ್ದ ಟೆಂಪೋದವನಿಗೂ ಕಲ್ಲು ಬೇಕಾಗಿತ್ತು. ಅಲ್ಲಿ ಇಲ್ಲಿ ಹುಡುಕಿ, ಸಿಗದೆ, ಮುಂದಿನ ಲಾರಿಯ ಕಲ್ಲನ್ನೇ ಮೆಲ್ಲಗೆ ಎತ್ತಿಕೊಂಡು ಬಂದು ತನ್ನ ಟೆಂಪೋಗೆ ಇಟ್ಟ. ಲಾರಿ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ನಿಧಾನವಾಗಿ ಹಿಂದಕ್ಕೆ ಬಂದು ಟೆಂಪೋದ ಮೂತಿಗೆ ಒರಗಿಕೊಂಡಿತು. ಉಸ್ತಾದರು ನನ್ನನ್ನು ಕಳಿಸಿದಾಗ ಅಲ್ಲಿ ಜಗಳ ಜೋರಾಗಿತ್ತು. ಇಬ್ಬರಲ್ಲಿ ಒಬ್ಬನೂ ಬ್ರೇಕಿನ ಮಾತೆತ್ತಲಿಲ್ಲ. ಕಲ್ಲು ಯಾರದು ಎಂಬುದೇ ವ್ಯಾಜ್ಯ. ‘ನಮ್ಮೂರಿಂದ ತಂದ ಕಲ್ಲು ಕಣ್ಲಾ ಅದು!’ ಎಂದು ಲಾರಿಯವನು ಎದೆ ಬಡಿದುಕೊಳ್ಳುತ್ತಿದ್ದ.

ಈಗ ಬರುವ ಕಾರುಗಳಲ್ಲಿ ಹ್ಯಾಂಡ್ ಬ್ರೇಕಿಗೆ ಹ್ಯಾಂಡಲ್ಲೇ ಇಲ್ಲ. ಒಂದು ಗುಂಡಿ ಒತ್ತಿದರೆ ‘ಗುಂಯ್’ ಎಂದು ತಾನೇ ಹಿಡಿದುಕೊಳ್ಳುತ್ತದೆ. ಕೆಟ್ಟರೆ ಕಂಪ್ಯೂಟರಿಗೆ ತಂತಿ ಚುಚ್ಚಿ ರೋಗ ಓದುತ್ತೀರಿ. ಓದಿ, ಬೇಡ ಅನ್ನುವುದಿಲ್ಲ. ಆದರೆ ನಾನು ಹೇಳುವ ಈ ಕೇಸಿನಲ್ಲಿ ರೋಗ ಇದ್ದ ಜಾಗವನ್ನು ಆ ಕಂಪ್ಯೂಟರು ತೋರಿಸುತ್ತಿರಲಿಲ್ಲ.

ಕೆರಗೋಡಿನ ಕಡೆಯ ಮರಿಗೌಡರ ಹತ್ತಿರ ಒಂದು ಹಳೇ ವ್ಯಾನಿತ್ತು. ಮುಂದೆ ಗುಂಡು ಮೂತಿ, ಕಪ್ಪೆ ಕಣ್ಣಿನಂಥ ಎರಡು ದೀಪ, ಒಳಗೆ ಡ್ರೈವರ್ ಸೀಟು, ಪಕ್ಕದಲ್ಲಿ ಇನ್ನೊಂದು ಸೀಟು, ಹಿಂದೆಲ್ಲ ಖಾಲಿ. ಅದನ್ನು ಮಾಡಿದ ಕಂಪನಿಯವರೇ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಗೌಡರು ಮದುವೆ ಮನೆಗಳಿಗೆ ಅಡಿಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ಕೊಪ್ಪರಿಗೆ, ತಪ್ಪಲೆ, ಜಾಲರಿ, ಸೌಟು ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಸುತ್ತುತ್ತಿದ್ದರು. ವ್ಯಾನು ಬರುವುದು ಕಣ್ಣಿಗೆ ಕಾಣುವ ಮೊದಲೇ ಪಾತ್ರೆಗಳ ಗಲಾಟೆ ಕಿವಿಗೆ ಬೀಳುತ್ತಿತ್ತು.

ಪಕ್ಕದ ಸೀಟಿನಲ್ಲಿ ಯಾವಾಗಲೂ ಅವರ ಹೆಂಡತಿ ನಿಂಗಮ್ಮ. ನಾನು ನಿಂಗಕ್ಕ ಅನ್ನುತ್ತಿದ್ದೆ. ನಿಂಗಕ್ಕನ ಕಾಲ ಬುಡದಲ್ಲಿ ಒಂದು ಕಲ್ಲು. ನುಣ್ಣಗೆ, ಮಲಗಿದ ಬಸವನ ಹಾಗೆ ಇತ್ತು, ಅದಕ್ಕೆ ಬಸವ ಅಂತಲೇ ಹೆಸರು. ವ್ಯಾನು ನಿಂತ ಕೂಡಲೇ ನಿಂಗಕ್ಕ ಸೆರಗು ಸಿಕ್ಕಿಸಿ, ಬಸವನನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿದು ಚಕ್ರಕ್ಕೆ ಕೊಡುವರು. ಆಮೇಲೆ ಗೌಡರು ಬ್ರೇಕಿನಿಂದ ಕಾಲು ತೆಗೆಯುವರು. ಆಯುಧಪೂಜೆಯ ದಿನ ವ್ಯಾನಿಗೆ ಒಂದು ಹಾರ, ಬಸವನಿಗೆ ಒಂದು ಹಾರ. ಕುಂಕುಮ ಮಾತ್ರ ಬಸವನಿಗೇ ಜಾಸ್ತಿ ಬೀಳುತ್ತಿತ್ತು. ಕಷ್ಟಕ್ಕೆ ಆಗುವ ದೇವರಿಗೇ ಅಲ್ಲವೇ ನಾವು ಹೆಚ್ಚು ಕುಂಕುಮ ಹಚ್ಚುವುದು.

ವರ್ಷಕ್ಕೊಮ್ಮೆ ಮಾತ್ರ ಬಸವನಿಂದ ಕೆಲಸ ಆಗುತ್ತಿರಲಿಲ್ಲ. ಅದು ಎಫ್‌ಸಿ ಬಂದಾಗ. ಗಾಡಿ ರಸ್ತೆಗೆ ಲಾಯಕ್ಕು ಎಂದು ಸಾಹೇಬರು ನೋಡಿ ಒಪ್ಪಬೇಕು, ಒಪ್ಪಬೇಕಾದರೆ ಹ್ಯಾಂಡ್ ಬ್ರೇಕು ಹಿಡಿಯಬೇಕು. ಆಗ ಗೌಡರು ನನ್ನ ಹತ್ತಿರ ಬರುತ್ತಿದ್ದರು.

ಹ್ಯಾಂಡ್ ಬ್ರೇಕಿನ ಸಂಗತಿ ಸರಳ. ಹ್ಯಾಂಡಲ್ಲಿನ ಬುಡದಲ್ಲಿ ಗರಗಸದಂಥ ಹಲ್ಲಿನ ಪಟ್ಟಿ ಇರುತ್ತದೆ. ಹ್ಯಾಂಡಲ್ ಎಳೆದರೆ ಒಂದು ಪುಟ್ಟ ಕೊಕ್ಕೆ ಹಲ್ಲಿಂದ ಹಲ್ಲಿಗೆ ಕರ್ ಕರ್ ಎಂದು ಹತ್ತಿ, ಒಂದರಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಆ ಕೊಕ್ಕೆಯನ್ನು ಹಲ್ಲಿಗೆ ಒತ್ತಿ ಹಿಡಿಯುವುದು ಒಂದು ಸಣ್ಣ ಸ್ಪ್ರಿಂಗು. ಸ್ಪ್ರಿಂಗು ಇಲ್ಲದಿದ್ದರೆ ಹ್ಯಾಂಡಲ್ಲು ಬಾವಿಯ ರಾಟೆಯ ಹಾಗೆ ಮೇಲೆ ಎಳೆದರೆ ಮೇಲೆ, ಬಿಟ್ಟರೆ ಕೆಳಗೆ.

ಮೊದಲ ವರ್ಷ ಸವೆದ ಹಲ್ಲಿಗೆ ವೆಲ್ಡಿಂಗು ತುಂಬಿಸಿ, ಅರದಿಂದ ಉಜ್ಜಿ, ಹೊಸ ಸ್ಪ್ರಿಂಗು ಹಾಕಿ ಕೊಟ್ಟೆ. ಎಫ್‌ಸಿ ಆಯಿತು. ಸ್ವಲ್ಪ ದಿನಕ್ಕೇ ಬ್ರೇಕು ಮತ್ತೆ ಜಾರಿತು. ಬಿಚ್ಚಿ ನೋಡಿದರೆ ಸ್ಪ್ರಿಂಗೇ ಇಲ್ಲ. ‘ಮಳವಳ್ಳಿ ರೋಡಿನ ಗುಂಡಿಗೆ ಉದುರಿ ಹೋಗಿದೆ’ ಎಂದು ಗೌಡರಿಗೆ ಅಧಿಕಾರವಾಣಿಯಿಂದ ಹೇಳಿದೆ. ಎಫ್‌ಸಿ ಆಗಿತ್ತಲ್ಲ, ಅವರಿಗೂ ಅವಸರ ಇರಲಿಲ್ಲ. ಮರುವರ್ಷ ಗಟ್ಟಿ ಸ್ಪ್ರಿಂಗು ಹಾಕಿದೆ. ಅದೂ ಮಾಯ. ಆ ಸಲ ನಾನು ಕಂಪನವೆಂದರೇನು, ಹಳೇ ಇಂಜಿನ್ನಿನ ನಡುಕವೆಂದರೇನು ಎಂದು ಬಂದ ಗಿರಾಕಿಗಳಿಗೆಲ್ಲ ಪಾಠ ಮಾಡಿದೆ. ಮೂರನೇ ವರ್ಷ ಸ್ಪ್ರಿಂಗಿನ ಎರಡೂ ತುದಿಯನ್ನು ಬಗ್ಗಿಸಿ ಹೊಲಿಗೆ ಹಾಕಿದ ಹಾಗೆ ಕೂರಿಸಿದೆ. ‘ಈ ಜನ್ಮದಲ್ಲಿ ಬೀಳಲ್ಲ ಗೌಡ್ರೇ’ ಅಂದೆ. ಅದೂ ಹೋಯಿತು. ಸ್ಪ್ರಿಂಗು ತಾನಾಗಿ ಎದ್ದು ನಡೆದುಹೋಗುವುದಿಲ್ಲ ಎಂಬ ಸಣ್ಣ ವಿಷಯ, ಅಷ್ಟು ದೊಡ್ಡ ಮೇಸ್ತ್ರಿಯಾದ ನನಗೆ ಹೊಳೆಯಲೇ ಇಲ್ಲ.

ನಾಲ್ಕನೇ ವರ್ಷ ಗೌಡರು ಬಂದಾಗ ಹ್ಯಾಂಡಲ್ಲಿನ ಸ್ಥಿತಿ ಕೇಳುವ ಹಾಗಿರಲಿಲ್ಲ. ಹಲ್ಲುಗಳು ಬೊಚ್ಚು ಬಾಯಿಯಂತೆ ನುಣ್ಣಗಾಗಿದ್ದವು. ಬುಡದ ತೂತು ಅಗಲವಾಗಿ ಹ್ಯಾಂಡಲ್ಲು ಎಡಬಲಕ್ಕೂ ತಲೆಯಾಡಿಸುತ್ತಿತ್ತು. ವೆಲ್ಡಿಂಗು ತುಂಬಿಸಲು ಲೋಹವೇ ಉಳಿದಿರಲಿಲ್ಲ. ಜೊತೆಗೆ ಈ ಸಲದ ಸಾಹೇಬರು ಇಳಿಜಾರಿನಲ್ಲಿ ನಿಲ್ಲಿಸಿ ನೋಡುತ್ತಾರೆಂದು ಸುದ್ದಿ ಹಬ್ಬಿತ್ತು.

‘ಈ ಸಲ ಪೂರಾ ಹ್ಯಾಂಡ್ಲೇ ಬದಲಾಯಿಸಬೇಕು ಗೌಡ್ರೇ’ ಅಂದೆ.

‘ಬದ್ಲಾಯ್ಸು ಮೇಸ್ತ್ರಿ. ಗಟ್ಟಿಯಾಗ್ ಆಕು. ಅಂಗೇ ಆ ಪಕ್ಕದ್ ಸೀಟ್ನೂ ಕಿತ್ತಾಕ್ಬುಡು.’

‘ಸೀಟು ಯಾಕೆ?’

‘ಬ್ರೇಕ್ ನೆಟ್ಟಗಾದ್ ಮ್ಯಾಕೆ ಕಲ್ ಮಡಗೋರು ಯಾಕ್ ಬೇಕು? ಆ ಜಾಗದಾಗೆ ಎಲ್ಡು ಕೊಪ್ಪರಿಗೆ ಕುಂತ್ಕತ್ತವೆ. ಇವ್ಳೂ ಮನೇಲಿ ಆರಾಮಾಗಿರ್ಲಿ, ವಯಸ್ಸಾಯ್ತು.’

ನಿಂಗಕ್ಕ ಬಸವನ ಪಕ್ಕದಲ್ಲೇ ನಿಂತಿದ್ದರು. ಸಾಮಾನ್ಯವಾಗಿ ಗೌಡರು ಒಂದು ಮಾತಾಡಿದರೆ ಅವರದು ನಾಲ್ಕು ಇರುತ್ತಿತ್ತು. ಅವತ್ತು ತುಟಿ ಬಿಚ್ಚಲಿಲ್ಲ. ವ್ಯಾನು ಹೊರಟಾಗ ಕಲ್ಲು ಎತ್ತಿಕೊಂಡು ಹತ್ತಿ, ಸೀಟಿನ ರೆಕ್ಸಿನ್ನನ್ನು ಕೈಯಿಂದ ಒಮ್ಮೆ ಸವರಿ ಕೂತರು. ವಯಸ್ಸಾದವರಿಗೆ ಆಯಾಸ ಅಂದುಕೊಂಡೆ. ಉಸ್ತಾದರು ಬದುಕಿದ್ದಿದ್ದರೆ ನನ್ನ ಕಿವಿಯ ಪಕ್ಕದಲ್ಲಿ ಸ್ಪ್ಯಾನರು ಹಾರುತ್ತಿತ್ತು.

ಆ ಹ್ಯಾಂಡಲ್ಲು ಹುಡುಕಿದ್ದೇ ಒಂದು ಪುರಾಣ. ಅಂಗಡಿಯವರು ವ್ಯಾನಿನ ಹೆಸರು ಕೇಳಿಯೇ ನಗುತ್ತಿದ್ದರು. ಮದ್ದೂರಿನ ಗುಜರಿಯಲ್ಲಿ ಒಂದು ಸಿಕ್ಕಿತು, ಅದನ್ನು ಅಂಗಡಿಯವನೇ ಗೇಟಿಗೆ ಚಿಲಕ ಮಾಡಿಕೊಂಡಿದ್ದ, ಕೊಡಲು ಒಪ್ಪಲಿಲ್ಲ. ಕೊನೆಗೆ ಮಳವಳ್ಳಿಯ ಗುಜರಿಯಲ್ಲಿ ಬೇರೆ ಯಾವುದೋ ಗಾಡಿಯ ಒಂದು ಹ್ಯಾಂಡಲ್ಲು ಸಿಕ್ಕಿತು. ಹಲ್ಲು ಹೊಸದರಂತೆ ಚೂಪಾಗಿತ್ತು, ಅಳತೆಯೂ ಹೆಚ್ಚು ಕಡಿಮೆ ಸರಿ. ಅದನ್ನು ಮಗುವಿನ ಹಾಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುತ್ತಿದ್ದೆ. ದಾರಿಯಲ್ಲಿ ಒಂದು ಕಲ್ಯಾಣಮಂಟಪ. ಅದರ ಮುಂದಿನ ಇಳಿಜಾರಿನಲ್ಲಿ ಗೌಡರ ವ್ಯಾನು, ಚಕ್ರದ ಕೆಳಗೆ ಬಸವ.

‘ಮೇಸ್ತ್ರಣ್ಣಾ! ಊಟದ್ ವೊತ್ನಲ್ಲಿ ಎಲ್ಗ್ ಓಯ್ತಿದ್ದೀ? ಬಾ ಒಳೀಕೆ!’ ಬಾಗಿಲಿಂದ ನಿಂಗಕ್ಕನ ಕೂಗು.

ಒಳಗೆ ಹೋಗಿ ನೋಡಿದರೆ, ನಿಂಗಕ್ಕನ ದರ್ಬಾರು. ‘ಹುಳಿಗೆ ಆ ಕೊಪ್ಪರಿಗೆ ಸಾಲ್ದು, ದೊಡ್ಡುದ್ ತಗಿ’ ಎಂದು ಭಟ್ಟರಿಗೇ ಅಪ್ಪಣೆ. ಹೆಣ್ಣಿನ ತಾಯಿ ಬಂದು, ‘ನಿಂಗಮ್ಮಾರೇ, ನೀವ್ ಕೂಡ್ಸಿದ್ ಸಂಬಂಧ, ನೀವೇ ಮುಂದ್ ನಿಂತ್ಕಳ್ಳಿ’ ಎಂದು ಕೈ ಹಿಡಿದು ಎಳೆಯುತ್ತಿದ್ದಾರೆ. ಕೆರಗೋಡಿನ ಹುಡುಗ, ಮಳವಳ್ಳಿಯ ಹುಡುಗಿ, ಮಧ್ಯೆ ನಿಂಗಕ್ಕ. ಮೂಲೆಯಲ್ಲಿ ಗೌಡರು ಕುರ್ಚಿ ಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದಾರೆ. ಅವರನ್ನು ಮಾತಾಡಿಸುವವರು ಒಬ್ಬರೂ ಇಲ್ಲ.

ನನಗೆ ಪಾಯಸ ಎರಡು ಸಲ ಬಡಿಸಿದರು. ಊಟವಾದ ಮೇಲೆ ಹೊರಗೆ ವ್ಯಾನಿನ ನೆರಳಲ್ಲಿ ಕೂತೆವು. ಎಲೆ ಹಾಕಿಕೊಳ್ಳಲು ನಿಂಗಕ್ಕ ಸೊಂಟದ ಚೀಲ ಬಿಚ್ಚಿ ಮಡಿಲಿಗೆ ಸುರಿದುಕೊಂಡರು. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಡಬ್ಬಿಯ ಹಿಂದೆಯೇ ಮೂರು ಸ್ಪ್ರಿಂಗುಗಳು ಉರುಳಿ ಬಂದವು. ಮೂರನೆಯದರ ಎರಡೂ ತುದಿ ಬಗ್ಗಿತ್ತು. ನನ್ನ ಕೈಕೆಲಸ ನನಗೆ ಗೊತ್ತಾಗದೆ ಇರುತ್ತದೆಯೇ?

ನಾನು ಸ್ಪ್ರಿಂಗು ನೋಡಿದೆ, ಅವರು ನನ್ನನ್ನು ನೋಡಿದರು. ಮುಚ್ಚಿಡಲು ಹೋಗಲಿಲ್ಲ.

‘ಈ ಮೂರ್ನೇದು ಬಲು ಕಷ್ಟ ಕೊಡ್ತು ಕಣಣ್ಣ. ನನ್ ಏರ್‌ಪಿನ್ನೇ ಮುರ್ದೋಯ್ತು’ ಅಂದರು.

ನಾನು ಮಳವಳ್ಳಿ ರಸ್ತೆಗೆ ಬೈದದ್ದು, ಕಂಪನದ ಪಾಠ ಮಾಡಿದ್ದು ಎಲ್ಲ ನೆನಪಾಗಿ ನಗು ತಡೆಯಲಾಗಲಿಲ್ಲ. ನಿಂಗಕ್ಕ ನಗಲಿಲ್ಲ.

‘ನಾನ್ ಮದ್ವೆಯಾಗಿ ಬಂದಾಗ ಮನೆ, ಕೊಟ್ಗೆ, ಗದ್ದೆ, ಇಷ್ಟೇಯ ನನ್ ದೇಸ. ಮಂಡ್ಯ ಯಾವ್ ದಿಕ್ಕಿಗೈತೆ ಅಂತ್ಲೂ ಗೊತ್ತಿರ್ಲಿಲ್ಲ. ಆಮ್ಯಾಕೆ ಈ ಗಾಡಿ ಬಂತು, ಇದ್ರ ಬ್ರೇಕ್ ಕೆಡ್ತು. ಕಲ್ ಮಡಗಾಕೆ ಆಳ್ ಕರದ್ರೆ ಕೂಲಿ ಕೇಳ್ತಾನೆ, ಎಂಡ್ರು ಕೇಳಕ್ಕಿಲ್ವಲ್ಲ. ಅದ್ಕೆ ನನ್ನ ಅತ್ತುಸ್ಕಂಡ್ರು. ಈವತ್ತು ಮದ್ದೂರಲ್ಲೂ ನನ್ನ ಎಸ್ರಿಡ್ದು ಕೂಗ್ತಾರೆ, ಮಳವಳ್ಳೀಲೂ ಕೂಗ್ತಾರೆ. ನೀನ್ ಬ್ರೇಕ್ ನೆಟ್ಟಗ್ ಮಾಡ್ದಾಗೆಲ್ಲ ನಂಗೆ ಎದೆ ಡವಡವ ಅಂತಿತ್ತು ಕಣಣ್ಣ. ಕಲ್ ಮಡಗೋ ಕೆಲ್ಸ ಓಯ್ತು ಅಂದ್ರೆ ನನ್ ಸೀಟೂ ಓಯ್ತು.’

‘ಕಲ್ಲು ಜಾರಿದರೆ ಗತಿಯೇನು ನಿಂಗಕ್ಕ?’

‘ನಾನ್ ಮಡಗಿದ್ ಕಲ್ಲು ಈಗಂಟ ಜಾರಿಲ್ಲ. ಈ ಸಲ ಬ್ರೇಕ್ ಇಡೀದಿದ್ರೆ ಏನಾಯ್ತದೆ?’

‘ಎಫ್‌ಸಿ ಆಗಲ್ಲ. ವ್ಯಾನು ಗುಜರಿಗೆ ಹೋಗುತ್ತೆ.’

‘ಇಡುದ್ರೆ?’

ಅದಕ್ಕೆ ಉತ್ತರವನ್ನೂ ಅವರೇ ಹೇಳಿದರು, ‘ಇಡುದ್ರೆ ನಾನು ಕೊಟ್ಗೇಗ್ ಓಯ್ತೀನಿ.’ ಮೂರೂ ಸ್ಪ್ರಿಂಗನ್ನು ನನ್ನ ಅಂಗೈಗೆ ಹಾಕಿ, ‘ಗಾಡಿ ಉಳೀಲಿ ಬುಡು. ಅದೇನ್ ತಪ್ಪ್ ಮಾಡೈತೆ’ ಎಂದು ಎದ್ದು ಒಳಗೆ ಹೋದರು.

ಬಸ್ಸಿನಲ್ಲಿ ಮಂಡ್ಯದವರೆಗೂ ಹ್ಯಾಂಡಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಹೊಟ್ಟೆಯಲ್ಲಿ ಪಾಯಸವಿತ್ತು, ಬಾಯಿ ಮಾತ್ರ ಕಹಿಯಾಗಿತ್ತು. ಸರಿಯಾಗಿ ಕೆಲಸ ಮಾಡಿದ್ದಕ್ಕೆ ಬೇಜಾರಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕೆಟ್ಟ ಬ್ರೇಕು ಕಟ್ಟಿ ಕೊಡುವ ಹಾಗಿಲ್ಲ, ಅದು ನಮ್ಮ ಕಸುಬಿಗೆ ಹರಾಮು. ಒಳ್ಳೆ ಬ್ರೇಕು ಕಟ್ಟಿದರೆ ಆ ಹೆಂಗಸಿನ ಮೂರು ತಾಲ್ಲೂಕು ಹೋಗುತ್ತದೆ.

ಎರಡು ದಿನ ಬಿಟ್ಟು ವ್ಯಾನು ಬಂತು. ಹಳೇ ಹ್ಯಾಂಡಲ್ಲಿನ ಪಿನ್ನು ಬಡಿದು ತೆಗೆದೆ. ಅಡಿಯಲ್ಲಿ ಕೂತಿದ್ದ ಬೋಲ್ಟುಗಳು ತುಕ್ಕು ಹಿಡಿದು ತಗಡಿನ ಜೊತೆಯೇ ಕಿತ್ತು ಬಂದವು. ನೋಡಿದರೆ ಆ ಜಾಗದ ತಗಡೆಲ್ಲ ಹಪ್ಪಳ, ಬೆರಳಿಟ್ಟರೆ ರಸ್ತೆ ಕಾಣುತ್ತಿತ್ತು. ಅಲ್ಲಿ ಹೊಸ ಹ್ಯಾಂಡಲ್ಲು ಕೂರಿಸುವುದು ಸಾಧ್ಯವಿರಲಿಲ್ಲ. ಗಟ್ಟಿ ತಗಡು ಹುಡುಕಿ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಡ್ರೈವರ್ ಸೀಟಿನ ಕಡೆ ಒಂದಿಷ್ಟು ಗಟ್ಟಿ ಜಾಗವಿತ್ತು. ಪಕ್ಕದ ಸೀಟಿನ ಕಡೆಯೂ ಇತ್ತು.

ಸುತ್ತಿಗೆ ಹಿಡಿದುಕೊಂಡು ಹಾಗೇ ಕುಕ್ಕರುಗಾಲಲ್ಲಿ ಕೂತೆ. ಬಹಳ ಹೊತ್ತೇನೂ ಅಲ್ಲ. ಆಮೇಲೆ ಎದ್ದು ಎಡಗಡೆ ಗುರುತು ಹಾಕಿ, ಪಕ್ಕದ ಸೀಟಿನ ಕಡೆಗೆ ಒಂದು ಗೇಣು ಸರಿಸಿ ತೂತು ಕೊರೆದೆ.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದೆ. ಕೆಳಗೆ ದಪ್ಪ ಪಟ್ಟಿ ಕೊಟ್ಟು ಬೋಲ್ಟು ಬಿಗಿದೆ, ಕೇಬಲ್ಲಿನ ದಾರಿಯನ್ನೂ ಅಷ್ಟೇ ಸರಿಸಿದೆ, ಕೊಕ್ಕೆಗೆ ಹೊಸ ಸ್ಪ್ರಿಂಗು ಹಾಕಿದೆ. ನಾನೇ ಡ್ರೈವರ್ ಸೀಟಿನಲ್ಲಿ ಕೂತು ಕೈ ಚಾಚಿ ನೋಡಿದೆ. ಸ್ವಲ್ಪ ಬಗ್ಗಿದರೆ ಹ್ಯಾಂಡಲ್ಲು ಸಿಗುತ್ತಿತ್ತು, ಎಳೆದರೆ ಹಿಂದಿನ ಚಕ್ರ ಕಲ್ಲಾಗಿ ನಿಲ್ಲುತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತವರಿಗೋ, ಬಗ್ಗುವುದೇ ಬೇಡ. ಕೈ ಇಳಿಬಿಟ್ಟರೆ ಹಿಡಿ ಅಂಗೈಗೆ ಬರುತ್ತಿತ್ತು.

ಗೌಡರು ಹತ್ತಿ ಕೂತರು. ಎಳೆದರು. ‘ಉಸ್ಸಪ್ಪಾ’ ಅಂದರು.

‘ಇದೇನ್ ಮೇಸ್ತ್ರಿ, ಇಷ್ಟ್ ದೂರ್ಕೆ ಮಡಗ್ಬುಟ್ಟಿದ್ದೀ? ಎಲ್ಲಾ ಕಡೆ ಬಗ್ಗಿ ಬಗ್ಗಿ ಎಳೀತಿದ್ರೆ ನನ್ ಸೊಂಟ ಏನಾಗ್ಬೇಕು?’

‘ಹಳೇ ಜಾಗದ ತಗಡು ಉದುರಿ ಹೋಗಿದೆ, ನೀವೇ ನೋಡಿ’ ಎಂದು ತೂತು ತೋರಿಸಿದೆ. ಅದು ಸುಳ್ಳಲ್ಲ. ಬಲಗಡೆಯೂ ಗಟ್ಟಿ ತಗಡಿತ್ತು ಎಂದು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ‘ಬಗ್ಗೋಕೆ ಆಗಲ್ಲ ಅಂದ್ರೆ ಪಕ್ಕದಲ್ಲಿ ಯಾರಾದರೂ ಕೂತು ಎಳೆಯಲಿ. ಆದರೆ ಸೀಟು ಕೀಳು ಅಂದಿದ್ದೀರಲ್ಲ’ ಎಂದು ತಲೆ ಕೆರೆದುಕೊಂಡೆ.

ಗೌಡರು ಸೊಂಟ ಮುಟ್ಟಿಕೊಂಡರು. ಸೀಟು ನೋಡಿದರು. ಹೊರಗೆ ಬಸವನ ಜೊತೆ ನಿಂತಿದ್ದ ಹೆಂಡತಿಯನ್ನು ನೋಡಿದರು.

‘ಕೊಪ್ಪರಿಗೆ ಇಂದ್ಕೇ ಇರ್ಲಿ ಬುಡು’ ಅಂದರು.

ಹೊಸಬರಿಗೆ ನಾನು ಹೇಳುವುದು ಇಷ್ಟು. ತೂತು ಕೊರೆಯುವ ಮೊದಲು ಗಾಡಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಕೇಳಿಕೊಳ್ಳಿ. ಉಸ್ತಾದರು ಹೇಳಿದ್ದನ್ನು ನಾನು ಕಲಿಯಲು ತಲೆ ಪೂರ್ತಿ ನರೆಯಬೇಕಾಯಿತು. ನೀವು ಬೇಗ ಕಲಿಯಿರಿ.

ಎಫ್‌ಸಿ ದಿನ ನಾನೂ ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದಾಗ ನಿಂಗಕ್ಕ ರೂಢಿಯ ಬಲದಿಂದ ಬಸವನನ್ನು ಎತ್ತಿಕೊಂಡು ಇಳಿದೇಬಿಟ್ಟರು. ‘ನಿಂಗಕ್ಕಾ, ಕಲ್ಲು ಮೇಲಕ್ಕೆ!’ ಎಂದು ಕೂಗಿದೆ. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು.

‘ಏನಮ್ಮ ಅದು?’

‘ದ್ಯಾವ್ರು ಸಾಮಿ’ ಎಂದು ನಿಂಗಕ್ಕ ಕುಂಕುಮ ಇದ್ದ ಬದಿಯನ್ನು ತಿರುಗಿಸಿ ತೋರಿಸಿದರು. ಸಾಹೇಬರು ಮುಂದೆ ಹೋದರು.

ಸರದಿ ಬಂತು. ಗೌಡರು ಇಳಿಜಾರಿನ ಮಧ್ಯೆ ವ್ಯಾನು ನಿಲ್ಲಿಸಿದರು. ‘ಹ್ಯಾಂಡ್ ಬ್ರೇಕ್ ಹಾಕ್ರಿ’ ಎಂದು ಸಾಹೇಬರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಕರ್ ಕರ್ ಕರ್ ಎಂದು ಸದ್ದಾಯಿತು. ಗೌಡರ ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು. ಸಾಹೇಬರು ಕಿಟಕಿಗೆ ತಲೆ ಹಾಕಿದರು. ‘ಡ್ರೈವರ್ ಹಾಕಬೇಕು, ನೀವಲ್ಲ’ ಅಂದರು. ಗೌಡರು ಬಗ್ಗಿ, ‘ಉಸ್ಸಪ್ಪಾ’ ಎಂದು, ಬಿಟ್ಟು ಮತ್ತೆ ಎಳೆದು ತೋರಿಸಿದರು. ಬ್ರೇಕಿನಿಂದ ಕಾಲು ತೆಗೆದರು. ವ್ಯಾನು ಕೂದಲೆಳೆಯಷ್ಟೂ ಅಲುಗಲಿಲ್ಲ.

ಸಾಹೇಬರಿಗೂ ನಗು ಬಂದಿತ್ತು. ‘ಸರಿ, ಪಾಸು. ನೀವ್ಯಾರಮ್ಮ, ಕ್ಲೀನರ್ರಾ?’ ಎಂದು ಕೇಳಿದರು.

‘ಓಡ್ಸೋರು ಅವ್ರು ಸಾಮಿ, ನಿಲ್ಸೋಳು ನಾನು’ ಅಂದರು ನಿಂಗಕ್ಕ.

ಹಿಂದಿನ ಗಾಡಿಯವನು ಹಾರನ್ನು ಹೊಡೆದ. ಗೌಡರು ಗೇರು ಹಾಕಿದರು, ಆದರೆ ಹೊರಡಲಿಲ್ಲ. ಹ್ಯಾಂಡಲ್ಲಿನ ಕಡೆ ಕೈಯನ್ನೂ ಚಾಚಲಿಲ್ಲ. ಮುಂದಿನ ರಸ್ತೆ ನೋಡುತ್ತಾ ಸುಮ್ಮನೆ ಕಾದರು. ಇನ್ನೊಂದು ಹಾರನ್ನೂ ಬಂತು. ಆಗ ಪಕ್ಕಕ್ಕೆ ತಿರುಗಿ ಮೆಲ್ಲಗೆ ಅಂದರು:

‘ಬುಡಮ್ಮಿ, ಓಗಾನ.’